ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ಅಜ್ಜನ ದನಿ ಉಳಿಸಬಹುದೇ?

ವಿರಾಜಪೇಟೆಯ ಹಳೇ ಮನೆಯಲ್ಲಿ ಸಿಕ್ಕ ಕ್ಯಾಸೆಟ್ಟುಗಳಿಗೆ ಬಿಳಿ ಬೂಷ್ಟು ಹಿಡಿದಿದೆ, ಒಂದರಲ್ಲಿ ಅಜ್ಜ ಹಾಡಿದ ಪುತ್ತರಿ ಪಾಟ್ (ಕೊಡಗಿನ ಸುಗ್ಗಿ ಹಬ್ಬದ ಹಾಡು) ಇದೆ, ಹಾಕಿ ನೋಡಲೇ ಅಂತ ಕೇಳಿದ್ದೀರಿ. ಈಗಲೇ ಹಾಕಬೇಡಿ. ಬೂಷ್ಟು ಪ್ಲೇಯರಿನಲ್ಲಿ ಟೇಪಿನ ದನಿ ಓದುವ ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕುವ ಒಳ್ಳೇ ಕ್ಯಾಸೆಟ್ಟಿಗೂ ಹತ್ತುತ್ತದೆ.

ಕಕ್ಕಡದ (ಕೊಡವರ ಆಟಿ ತಿಂಗಳ) ಮಳೆಯಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಯಾವುದನ್ನೂ ಬಿಡದ ಬೂಷ್ಟು ಇದನ್ನು ಬಿಟ್ಟೀತೇ? ಟೇಪ್ ಅಂದರೆ 4 ಮಿಲಿಮೀಟರಿಗೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. ಕಬ್ಬಿಣದ ಆಕ್ಸೈಡ್ ಪುಡಿಯನ್ನು ಅಂಟಿನಲ್ಲಿ ಕಲಸಿ ಅದಕ್ಕೆ ಬಳಿದಿರುತ್ತಾರೆ. ದನಿ ಇರುವುದು ಆ ಪುಡಿಯಲ್ಲಿ. ತೇವ ಕುಡಿದು ಅಂಟು ಸಡಿಲವಾದರೆ ಪುಡಿ ಉದುರುತ್ತದೆ, ಜೊತೆಗೆ ಹಾಡೂ.

ಎಲ್ಲವನ್ನೂ ಉಳಿಸಲು ಹೋಗಬೇಡಿ. ಸಿನಿಮಾ ಹಾಡುಗಳು ಬೇರೆ ಕಡೆ ಸಿಗುತ್ತವೆ. ಎಸೆಯುವ ಮುಂಚೆ ಮಾತ್ರ ಕ್ಯಾಸೆಟ್ಟಿನ ಹಿಂದಿನ ಅಂಚು ನೋಡಿ. ಮೇಲೆ ರೆಕಾರ್ಡ್ ಆಗದಿರಲೆಂದು ಬಿಟ್ಟ ಎರಡು ತೂತುಗಳಿಗೆ ಸೆಲ್ಲೋಟೇಪ್ ಅಂಟಿಸಿದ್ದರೆ, ಕಾಗದ ತುರುಕಿದ್ದರೆ, ಯಾರೋ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಿ, ಒಳಗಿರುವುದು ಲೇಬಲ್ಲಿನ ಹಾಡಲ್ಲದಿರಬಹುದು. ಅಂಥದ್ದು ಚಿನ್ನ. ಪುತ್ತರಿ ಪಾಟಿನ ಸಾಲುಗಳು 1924ರ ಕೊಡವ ಜಾನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯಲ್ಲೂ ಸಿಕ್ಕಾವು; ನಿಮ್ಮಜ್ಜ ದುಡಿ ಬಡಿದ ವೇಗ ಯಾವ ಪುಸ್ತಕದಲ್ಲೂ ಇಲ್ಲ.

ಮೊದಲು ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಕೆಲವು ದಿನ ಇಡಿ. ಬಿಸಿಲಿಗೂ ಒಲೆಯ ಅಟ್ಟಕ್ಕೂ ಬೇಡ. ಬೂಷ್ಟು ಒಣಗಿದ ಮೇಲೆ ಮಾಸ್ಕ್ ಹಾಕಿ, ಮನೆಯಾಚೆ ಕೂತು, ಮೆತ್ತನೆ ಬ್ರಶ್‌ನಲ್ಲಿ ಒರೆಸಿ. ಓವನ್ನಿನಲ್ಲಿ ಬೇಯಿಸಿ ಅನ್ನುವವರು ಸಿಗುತ್ತಾರೆ. ಅದು ಅಂಟಂಟಾಗುವ ಕೆಲವು ಬಗೆಯ ದೊಡ್ಡ ಸ್ಪೂಲ್ ಟೇಪುಗಳ ಮದ್ದು. ಮನೆಯ ಓವನ್ನಿನಲ್ಲಿ ಕ್ಯಾಸೆಟ್ ಸೊಟ್ಟಗಾದೀತು. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಕಳಚಿದ್ದರೆ ದನಿ ಮಂಕಾಗುತ್ತದೆ. ಆಗ ಸ್ಕ್ರೂ ಬಿಚ್ಚಿ ಟೇಪನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿಸಿ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕಂಪ್ಯೂಟರಿಗೆ ತಂತಿ ಕೊಟ್ಟು, ಮೊದಲ ಸಲ ಹಾಕುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್ ಆಗಿರಲಿ, ಎಂಪಿ3 ಆಮೇಲೆ. ಗುಂಡಿ ಒತ್ತಿದಾಗಿನ ಟಕ್, ಹಾಡಿಗೆ ಮುಂಚಿನ ಸುಯ್ ನನಗೂ ಇಷ್ಟವೇ. ಆದರೆ ಆ ಆಸೆಗೆ ಪದೇ ಪದೇ ಹಾಕಿದರೆ ಇಂಥ ಟೇಪು ಇನ್ನಷ್ಟು ಸವೆಯುತ್ತದೆ.

ಫೈಲಿನ ಒಂದು ಪ್ರತಿ ಒಕ್ಕದ (ಮನೆತನದ) ಬೇರೆಯವರ ಮನೆಯಲ್ಲೂ ಇರಲಿ. ಹಾರ್ಡ್‌ಡಿಸ್ಕೂ ಕೆಡುತ್ತದೆ.