ಡೆಬಿಯನ್ ಲಿನಕ್ಸ್‌ಗೆ ಒಂದು ಬಿಲ್ಡ್ ಟೂಲ್ (ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಸಾಧನ) ಪ್ಯಾಕೇಜ್ ಮಾಡಿಕೊಡಬೇಕು ಅಂತಿದ್ದೇನೆ. ಸದಸ್ಯ ಆಗಿರಲೇಬೇಕಾ? ಎಷ್ಟು ದಿನದ ಕೆಲಸ?

ಸದಸ್ಯರಾಗಬೇಕಿಲ್ಲ. ನಾನು ಮೈಸೂರಿನ ಕುವೆಂಪುನಗರದ ಮನೆಯಲ್ಲಿ, ಆಫೀಸ್ ಮುಗಿದ ಮೇಲೆ ರಾತ್ರಿ ಕೂತು ಇದೇ ಕೆಲಸ ಮಾಡಿದವನು. ಆಗ ನನಗೆ ಡೆಬಿಯನ್‌ನಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಎಷ್ಟು ದಿನ ಅಂದರೆ, ಶನಿವಾರ ಭಾನುವಾರದಲ್ಲಿ ಮುಗಿಸಿಬಿಡೋಣ ಅಂದುಕೊಂಡಿದ್ದೆ, ಏಳು ತಿಂಗಳು ಹಿಡಿಯಿತು.

ಮೊದಲು ಡಬ್ಲ್ಯುಎನ್‌ಪಿಪಿ ನೋಡಿ, ಅದು ಡೆಬಿಯನ್‌ನಲ್ಲಿ ಕೆಲಸ ಬಾಕಿ ಇರುವ, ಮುಂದೆ ಬರಬೇಕಾದ ಪ್ಯಾಕೇಜ್‌ಗಳ ಪಟ್ಟಿ. ಈ ಟೂಲ್ ಬೇಕು ಅಂತ ಯಾರಾದರೂ ಕೇಳಿದ್ದರೆ ಆರ್‌ಎಫ್‌ಪಿ ಅಂತ ಇರುತ್ತದೆ, ನಾನು ಮಾಡುತ್ತೇನೆ ಅಂತ ಒಪ್ಪಿಕೊಂಡಿದ್ದರೆ ಐಟಿಪಿ. ಐಟಿಪಿ ಹಾಕಿದವರು ವರ್ಷಗಟ್ಟಲೆ ಸುಮ್ಮನಿದ್ದರೆ ಒಂದು ಮೇಲ್ ಹಾಕಿ ಕೇಳಿ, ಹಾಗೇ ಕಿತ್ತುಕೊಳ್ಳಬೇಡಿ. ಯಾರೂ ಇಲ್ಲದಿದ್ದರೆ ನೀವೇ ಹಾಕಿ. ಅದೂ ಒಂದು ಬಗ್ ರಿಪೋರ್ಟೇ.

ಬರೀ ಡೆಬ್ ಫೈಲ್ (ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಮಾಡುವ ಫೈಲ್) ಮಾಡುವುದು ಒಂದು ಸಂಜೆಯ ಕೆಲಸ. ಆದರೆ ಡೆಬಿಯನ್‌ನ ಮುಖ್ಯ ಭಾಗಕ್ಕೆ ಸೇರಬೇಕಾದರೆ ಎಲ್ಲವೂ ಸೋರ್ಸ್‌ನಿಂದಲೇ ಬಿಲ್ಡ್ ಆಗಬೇಕು, ಬೇಕಾದ ಲೈಬ್ರರಿಗಳೂ ಡೆಬಿಯನ್‌ನಲ್ಲೇ ಇರಬೇಕು, ಬಿಲ್ಡ್ ಆಗುವಾಗ ನೆಟ್ ಮುಟ್ಟಕೂಡದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಚೆನ್ನಾಗಿ ನಡೆಯುತ್ತಿತ್ತು. ಏಪ್ರಿಲ್‌ನ ಒಂದು ಸಂಜೆ ಆಲಿಕಲ್ಲು ಮಳೆ ಬಂದು ಕರೆಂಟ್ ಹೋಯಿತು, ಮನೆಯ ಯುಪಿಎಸ್ ಬ್ಯಾಟರಿ ಸತ್ತು ಎರಡು ತಿಂಗಳಾಗಿತ್ತು, ವೈಫೈಯೂ ಹೋಯಿತು, ಆ ಕತ್ತಲಲ್ಲಿ ಸುಮ್ನೆ ಇನ್ನೊಂದು ಸಲ ಬಿಲ್ಡ್ ಕೊಟ್ಟರೆ ಅರ್ಧಕ್ಕೇ ನಿಂತಿತು. ಸ್ಕ್ರಿಪ್ಟ್ ಅಷ್ಟು ದಿನವೂ ಸದ್ದಿಲ್ಲದೆ ಒಂದು ಲೈಬ್ರರಿ ಡೌನ್‌ಲೋಡ್ ಮಾಡಿಕೊಳ್ಳುತ್ತಿತ್ತು! ನೀವು ಮಳೆಗೆ ಕಾಯಬೇಡಿ, ಮೊದಲ ದಿನದಿಂದಲೇ ಎಸ್‌ಬಿಲ್ಡ್‌ನಲ್ಲಿ (ಪ್ರತ್ಯೇಕವಾದ ಸ್ವಚ್ಛ ಜಾಗದಲ್ಲಿ ಬಿಲ್ಡ್ ಮಾಡುವ ಸಾಧನ) ನೆಟ್ ಇಲ್ಲದೆ ಬಿಲ್ಡ್ ಮಾಡಿ ನೋಡಿ.

ಬಿಲ್ಡ್ ಟೂಲ್‌ಗಳಿಗೆ ಇನ್ನೊಂದು ಕಾಟ ಇದೆ. ಎಷ್ಟೋ ಟೂಲ್‌ಗಳನ್ನು ಬಿಲ್ಡ್ ಮಾಡಲು ಆ ಟೂಲೇ ಬೇಕು. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ. ನಿಂಜಾ ಅನ್ನುವ ಬಿಲ್ಡ್ ಟೂಲ್‌ನವರು ಇದಕ್ಕೆ ದಾರಿ ಇಟ್ಟಿದ್ದಾರೆ, ಒಂದು ಪೈಥಾನ್ ಸ್ಕ್ರಿಪ್ಟ್ ಓಡಿಸಿದರೆ ನಿಂಜಾ ಇಲ್ಲದೆಯೇ ನಿಂಜಾ ಹುಟ್ಟುತ್ತದೆ. ಜಾವಾ ಕಡೆಯ ಬಿಲ್ಡ್ ಟೂಲ್ ಗ್ರೇಡಲ್‌ನ ಪಾಡು ನೋಡಿ. 2023ರಲ್ಲಿ ಬಂದ ಡೆಬಿಯನ್ 12ರಲ್ಲೂ ಇರುವುದು 4.4.1, 2017ರ ಆವೃತ್ತಿ. ಮುಂದಿನ ಆವೃತ್ತಿಗಳಿಗೆ ಕಾಟ್ಲಿನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬೇಕು, ಕಾಟ್ಲಿನ್ ಬಿಲ್ಡ್ ಮಾಡಲು ಕಾಟ್ಲಿನ್ನೂ ಗ್ರೇಡಲ್ಲೂ ಬೇಕು.

ಲೈಸೆನ್ಸ್ ವಿಷಯದಲ್ಲಿ ಉದಾಸೀನ ಬೇಡ. ಪ್ರತಿ ಫೈಲ್ ಯಾರದ್ದು, ಯಾವ ಲೈಸೆನ್ಸ್ ಅಂತ ಕಾಪಿರೈಟ್ ಫೈಲ್‌ನಲ್ಲಿ ಬರೆಯಬೇಕು, ಸೋರ್ಸ್ ಜೊತೆ ಬರುವ ಜಾವಾದ ರೆಡಿಮೇಡ್ ಜಾರ್ ಫೈಲ್‌ಗಳನ್ನು ಕಿತ್ತು ಹಾಕಬೇಕು. ಪ್ಯಾಕೇಜ್‌ನ ತಪ್ಪು ಹುಡುಕುವ ಲಿಂಟಿಯನ್ ಅನ್ನುವ ಟೂಲ್ ಕೆಲವನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ಆಮೇಲೆ ಡೆಬಿಯನ್‌ನ ಮೆಂಟರ್ಸ್ ತಾಣಕ್ಕೆ ಏರಿಸಿ ಸ್ಪಾನ್ಸರ್ (ನಿಮ್ಮ ಪರವಾಗಿ ಅಪ್‌ಲೋಡ್ ಮಾಡುವ ಡೆಬಿಯನ್‌ನವರು) ಹುಡುಕಬೇಕು, ಅವರು ಅಪ್‌ಲೋಡ್ ಮಾಡಿದ ಮೇಲೆ ನ್ಯೂ ಕ್ಯೂ, ಅಂದರೆ ಹೊಸ ಪ್ಯಾಕೇಜ್‌ಗಳ ಸಾಲು, ಅಲ್ಲಿ ಮನುಷ್ಯರೇ ಕೂತು ನೋಡುತ್ತಾರೆ. ನನ್ನದು ಒಮ್ಮೆ ವಾಪಸ್ ಬಂತು. ಟೆಸ್ಟ್ ಫೋಲ್ಡರ್‌ನ ಒಂದೇ ಒಂದು ಫೈಲ್‌ನ ಲೈಸೆನ್ಸ್ ಬರೆಯಲು ಮರೆತಿದ್ದೆ, ತಪ್ಪು ನನ್ನದೇ.

ಮತ್ತೆ, ಒಳಗೆ ಹೋದ ಮೇಲೂ ಬಿಡುಗಡೆ ಇಲ್ಲ. ಹೊಸ ಜಿಸಿಸಿ ಕಂಪೈಲರ್ ಬಂದಾಗಲೋ ಹೊಸ ಪೈಥಾನ್ ಬಂದಾಗಲೋ ಬಿಲ್ಡ್ ಮುರಿಯುತ್ತದೆ, ಬಗ್ ನಿಮ್ಮ ಹೆಸರಿಗೇ ಬರುತ್ತದೆ, ಸಂಬಳ ಅಂತೂ ಇಲ್ಲ. ಕೆಲಸ ಸಿಕ್ಕಿ ಸಮಯ ಸಾಲದಾದರೆ ಆರ್ಫನ್ (ಅನಾಥ) ಅಂತ ಬಹಿರಂಗವಾಗಿ ಹೇಳಿ ಬಿಡಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ಅದಕ್ಕಿಂತ ಜಾವಾ ಟೀಮೋ ಪೈಥಾನ್ ಟೀಮೋ ಸೇರಿ, ಡೆಬಿಯನ್‌ನವರು ಕೋಡ್ ಇಡುವ ಸಾಲ್ಸಾ ತಾಣದಲ್ಲಿ ಅವರ ಜೊತೆ ಇಡುವುದು ವಾಸಿ.

ನೀವು ಟೂಲ್ ಹೆಸರು ಬರೆದಿಲ್ಲ. ಐಟಿಪಿ ಹಾಕುವ ಮುಂಚೆ ಅದಕ್ಕೆ ಬೇಕಾದ ಲೈಬ್ರರಿಗಳಲ್ಲಿ ಡೆಬಿಯನ್‌ನಲ್ಲಿ ಎಷ್ಟಿವೆ, ಎಷ್ಟಿಲ್ಲ ಅಂತ ಕೂತು ಎಣಿಸಿ. ನಾನು ಎಣಿಸದೆ ಹಾಕಿದ್ದೆ. ಒಂದು ಪ್ಯಾಕೇಜ್ ಅಂತ ಶುರು ಮಾಡಿ ನಾಲ್ಕು ಮಾಡಬೇಕಾಯಿತು, ಆ ಏಳು ತಿಂಗಳಲ್ಲಿ ಜಾಸ್ತಿ ಪಾಲು ಹೋಗಿದ್ದು ಉಳಿದ ಮೂರಕ್ಕೆ.