ಯಾವ ಹುಲಿ ಎಷ್ಟು ದೊಡ್ಡದು?

ಪ್ರಶ್ನೆ: ಮುಂಬೈಯ ಬೈಕುಲಾದ ರಾಣಿಬಾಗ್ ಮೃಗಾಲಯದಲ್ಲಿ ಬಂಗಾಳ ಹುಲಿಯನ್ನು ನೋಡಿ ಬಂದಾಗಿನಿಂದ ನಮ್ಮ ಮಗ, ಸೈಬೀರಿಯದ ಹುಲಿ ಇದಕ್ಕಿಂತ ಎಷ್ಟು ದೊಡ್ಡದು ಎಂದು ಕೇಳುತ್ತಲೇ ಇದ್ದಾನೆ. ಹುಡುಕಿದಲ್ಲೆಲ್ಲ ಬೇರೆ ಬೇರೆ ಅಂಕಿಗಳೇ ಸಿಗುತ್ತವೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸೈಬೀರಿಯದ ಗಂಡುಹುಲಿ 300 ಕಿಲೋ ದಾಟುತ್ತದೆ ಎಂಬ ಮಾತಿಗೆ ಆಧಾರ ಹಳೆಯ ದಾಖಲೆಗಳು. ಈಚಿನ ದಶಕಗಳಲ್ಲಿ ರಷ್ಯಾದ ಪೂರ್ವ ಭಾಗದ ಕಾಡುಗಳಲ್ಲಿ ಅರಿವಳಿಕೆ ಕೊಟ್ಟು, ರೇಡಿಯೊ ಕಾಲರ್ ತೊಡಿಸುವಾಗ ತೂಗಿ ನೋಡಿದ ವಯಸ್ಕ ಗಂಡುಗಳ ಸರಾಸರಿ ತೂಕ 180 ಕಿಲೋ ಆಸುಪಾಸಿನಲ್ಲಿದೆ. ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹೀಗೆಯೇ ಅಧ್ಯಯನ ಮಾಡಿದ ಗಂಡುಹುಲಿಗಳು 200 ಕಿಲೋ ಮೀರಿದ್ದವು. ಆದ್ದರಿಂದ ಇಂದಿನ ಕಾಡಿನ ಹುಲಿಗಳ ಮಟ್ಟಿಗೆ ಹೇಳುವುದಾದರೆ, ಸೈಬೀರಿಯದ್ದೇ ದೊಡ್ಡದೆಂದು ನಿಮ್ಮ ಮಗನಿಗೆ ಖಚಿತವಾಗಿ ಹೇಳಲು ಬರುವುದಿಲ್ಲ.

ಚಳಿ ಹೆಚ್ಚಿದಷ್ಟೂ ಪ್ರಾಣಿಯ ಮೈ ದೊಡ್ಡದಾಗುತ್ತದೆ ಎಂಬ, 1847ರಲ್ಲಿ ಜರ್ಮನ್ ಜೀವವಿಜ್ಞಾನಿ ಬರ್ಗ್‌ಮನ್ ಮುಂದಿಟ್ಟ ನಿಯಮ ಹುಲಿಯ ವಿಷಯದಲ್ಲಿ ಅರ್ಧವನ್ನಷ್ಟೇ ವಿವರಿಸುತ್ತದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇಟೆ. ಕಾಟಿ, ಕಡವೆಗಳಂಥ ಭಾರಿ ಪ್ರಾಣಿಗಳು ಯಥೇಚ್ಛವಾಗಿರುವ ಕಾಡಿನಲ್ಲಿ ಹುಲಿಯೂ ಭಾರಿಯಾಗಿ ಬೆಳೆಯುತ್ತದೆ. ಮುಖ್ಯವಾಗಿ ಚುಕ್ಕಿಜಿಂಕೆ, ಕಾಡುಹಂದಿಗಳನ್ನೇ ನೆಚ್ಚಿರುವ ಸುಂದರಬನದಲ್ಲಿ ತೂಗಿದ ಹೆಣ್ಣುಹುಲಿಗಳು 75–80 ಕಿಲೋ ಮಾತ್ರ ಇದ್ದವು. ಅವೂ ಬಂಗಾಳ ಹುಲಿಗಳೇ ಎಂಬುದನ್ನು ಗಮನಿಸಬೇಕು.

ದ್ವೀಪದ ಹುಲಿಗಳು ನಿಸ್ಸಂದೇಹವಾಗಿ ಚಿಕ್ಕವು. ಸುಮಾತ್ರದ ಗಂಡು 100ರಿಂದ 140 ಕಿಲೋ ತೂಗುತ್ತದೆ. ಈಗ ಅಳಿದುಹೋಗಿರುವ ಬಾಲಿಯ ಹುಲಿ ಇನ್ನೂ ಚಿಕ್ಕದು, ಗಂಡೇ 100 ಕಿಲೋ ಮೀರುತ್ತಿರಲಿಲ್ಲ. 2017ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಮಾರ್ಜಾಲ ತಜ್ಞರ ಗುಂಪು ಹಳೆಯ ಒಂಬತ್ತು ಉಪಪ್ರಭೇದಗಳ ಬದಲು ಮುಖ್ಯಭೂಮಿಯದೊಂದು, ಸುಂದಾ ದ್ವೀಪಗಳದೊಂದು (ಸುಮಾತ್ರ, ಜಾವಾ, ಬಾಲಿ) ಎಂದು ಎರಡನ್ನೇ ಸೂಚಿಸಿತು. ಎಲ್ಲ ತಜ್ಞರೂ ಅದನ್ನು ಒಪ್ಪಿಲ್ಲ.

ಅಂಕಿಗಳು ಹೊಂದದಿರಲು ಅಳತೆಯ ರೀತಿಯೂ ಕಾರಣ. ಬೇಟೆಗಾರರ ಕಾಲದಲ್ಲಿ ಕೆಲವರು ಸತ್ತ ಹುಲಿಯ ಮೂಗಿನ ತುದಿಗೂ ಬಾಲದ ತುದಿಗೂ ಗೂಟ ಹೊಡೆದು ನಡುವಿನ ನೇರ ಅಂತರವನ್ನು ಅಳೆಯುತ್ತಿದ್ದರು. ಇನ್ನು ಕೆಲವರು ತಲೆ, ಭುಜ, ಬೆನ್ನಿನ ಉಬ್ಬುತಗ್ಗುಗಳ ಮೇಲೆಯೇ ಟೇಪು ಎಳೆಯುತ್ತಿದ್ದರು. ಎರಡನೆಯ ರೀತಿಯಲ್ಲಿ ಅದೇ ಹುಲಿ ಇನ್ನಷ್ಟು ಉದ್ದವಾಗಿ ದಾಖಲಾಗುತ್ತದೆ. ಆಗತಾನೇ ಬೇಟೆ ತಿಂದ ಹುಲಿಯ ತೂಕದಲ್ಲಿ ಹೊಟ್ಟೆಯೊಳಗಿನ ಹತ್ತಾರು ಕಿಲೋ ಮಾಂಸವೂ ಸೇರಿರುತ್ತದೆ. ಆದ್ದರಿಂದ ಗಂಡೋ ಹೆಣ್ಣೋ, ಯಾವ ಕಾಡಿನದು, ನಿಜವಾಗಿ ತೂಗಿದ್ದೋ ಅಂದಾಜೋ ಎಂದು ತಿಳಿಸದ ಅಂಕಿಯನ್ನು ಪಕ್ಕಕ್ಕಿಡಿ. ಸೈಬೀರಿಯದ ಹುಲಿಯ ಚಳಿಗಾಲದ ಚಿತ್ರಗಳನ್ನು ನೋಡುವಾಗಲೂ ಎಚ್ಚರವಿರಲಿ. ಆ ಋತುವಿನಲ್ಲಿ ಬೆಳೆಯುವ ದಟ್ಟ ಕೂದಲು ಅದರ ಮೈಯನ್ನು ಇದ್ದದ್ದಕ್ಕಿಂತ ದಪ್ಪವಾಗಿ ತೋರಿಸುತ್ತದೆ.