ಎರಡೂವರೆ ವರ್ಷದ ಮಗು ಬಾಯಿಗೆ ಕೈ ಅಡ್ಡ ಹಿಡಿದಾಗ

ಹಾಲು ಹಲ್ಲು ಸೊಟ್ಟಗಿದೆ ಎಂದು ನೇರವಾಗಿ ಆಪ್ತಸಲಹೆಗೆ ಯಾರೂ ಬರುವುದಿಲ್ಲ. ಮಗು ಹಟ ಮಾಡುತ್ತೆ, ಬ್ರಷ್ ಮಾಡಲು ಬಿಡಲ್ಲ, ಊಟಕ್ಕೆ ಬಾಯಿ ತೆರೆಯಲ್ಲ ಎಂದು ಬರುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಹಲ್ಲಿನ ಮಾತು ಬರುತ್ತದೆ. ಇಂಥ ಮನೆಗಳನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಪುಟ್ಟಿಗೆ ಎರಡೂವರೆ ವರ್ಷ. ಮೇಲಿನ ಮುಂದಿನ ಹಲ್ಲುಗಳಲ್ಲಿ ಎರಡು, ಜಾಗ ಸಾಲದೆ ಒಂದರ ಮೇಲೊಂದು ಹತ್ತಿದ ಹಾಗೆ ಬಂದಿದ್ದವು. ಅಮ್ಮ ದಿನಾ ರಾತ್ರಿ ಮೊಬೈಲ್ ಟಾರ್ಚ್ ಹಾಕಿ, ಮಗುವಿನ ಬಾಯಿ ಬಿಡಿಸಿ ನೋಡುತ್ತಿದ್ದರು. ಅತ್ತೆ "ನಮ್ಮ ಕಡೆ ಯಾರಿಗೂ ಇಂಥ ಹಲ್ಲಿಲ್ಲಮ್ಮಾ" ಎನ್ನುತ್ತಿದ್ದರು. ಗಂಡನದು ಒಂದೇ ಮಾತು: "ಬಿದ್ದು ಹೋಗೋ ಹಲ್ಲು, ಬಿಡು."

ಮೊದಲ ದಿನ ನಾನೂ ಗಂಡನ ಮಾತನ್ನೇ ಹೇಳಿದೆ. ಅದು ತಪ್ಪು. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಮುಂದಿನ ಹಾಲು ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ಸರಿ. ಹಿಂದಿನ ದವಡೆ ಹಾಲು ಹಲ್ಲುಗಳು 10-12 ವರ್ಷದವರೆಗೂ ಇರಬೇಕು. ಅವು ಹುಳುಕಾಗಿ ಬೇಗ ಹೋದರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು, ಕೆಳಗೆ ಕಾಯುತ್ತಿರುವ ಹಲ್ಲಿನ ಜಾಗ ನುಂಗುತ್ತವೆ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಲು ಹಲ್ಲುಗಳ ನಡುವೆ ಸಂದು ಇದ್ದರೆ ಒಳ್ಳೆಯದು. ಆಮೇಲೆ ಬರುವ ಮುಂದಿನ ಹಲ್ಲುಗಳು ಅಗಲ, ಅವಕ್ಕೆ ಆ ಜಾಗ ಬೇಕು. ಈಗಲೇ ಒತ್ತೊತ್ತಾಗಿದ್ದರೆ ಮುಂದೆಯೂ ಹಾಗೇ ಬರುವ ಸಾಧ್ಯತೆ ಜಾಸ್ತಿ. ಅಂದರೆ ಅಮ್ಮನ ಕಳವಳ ಹುಚ್ಚಲ್ಲ. ಅದನ್ನು ಹುಚ್ಚು ಎಂಬಂತೆ ನಾನು ತಳ್ಳಿಹಾಕಿದ್ದೆ. ಆ ವಾರವೇ ಫೋನ್ ಮಾಡಿ, ಮೊದಲು ಮಕ್ಕಳ ದಂತವೈದ್ಯರಿಗೆ ತೋರಿಸಿ ಬನ್ನಿ ಎಂದೆ.

ತೋರಿಸಿದರು. ವೈದ್ಯರು ಅಮ್ಮನ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮಗುವಿನ ತಲೆಯನ್ನು ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದರಂತೆ. ಪುಟ್ಟಿ ಅಮ್ಮನ ಮುಖ ನೋಡುತ್ತಲೇ ಇದ್ದಳಂತೆ. ಹಲ್ಲಿಗೆ ಈಗ ಏನೂ ಮಾಡುವುದು ಬೇಡ, ದವಡೆ ಇನ್ನೂ ಬೆಳೆಯಬೇಕು, ಆರು ತಿಂಗಳಿಗೊಮ್ಮೆ ಬನ್ನಿ, ಏಳು ವರ್ಷದ ಹೊತ್ತಿಗೆ ಸಾಲು ಸರಿಪಡಿಸುವ ಬಗ್ಗೆ ನೋಡೋಣ ಎಂದಿದ್ದರು. ಇಷ್ಟಾದರೂ ಟಾರ್ಚ್ ನಿಂತಿರಲಿಲ್ಲ.

ಎರಡನೇ ಭೇಟಿಗೆ ಮಗುವನ್ನೂ ಕರೆತಂದರು. ಪುಟ್ಟಿ ಚಾಪೆಯ ಮೇಲೆ ಕೂತು ನನ್ನ ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಒಂದು ಲೋಟ ಉರುಳಿ ಮೇಜಿನ ಕೆಳಗೆ ಹೋಯಿತು. ಅವಳಿಗೆ ನಗು ಬಂತು. ನಕ್ಕವಳು ಥಟ್ಟನೆ ಅಂಗೈ ಬಾಯಿಗೆ ಅಡ್ಡ ಹಿಡಿದಳು. ನಾಚಿಕೆಯಿಂದಲ್ಲ. ಕೆಮ್ಮು ಬಂದರೆ ಕೈ ಅಡ್ಡ ಹಿಡಿಯುತ್ತಾರಲ್ಲ, ಅಷ್ಟು ರೂಢಿಯಾಗಿ.

"ಇದನ್ನ ಯಾರು ಹೇಳಿಕೊಟ್ಟರು?" ಎಂದು ಕೇಳಿದೆ.

"ಫೋಟೋ ತೆಗೆಯೋವಾಗ ಬಾಯಿ ಮುಚ್ಕೊಂಡು ನಗು ಪುಟ್ಟಾ ಅಂತೀನಿ ಮೇಡಂ. ಅಷ್ಟೇ."

ಇದನ್ನು ಹೇಳುವಾಗ ಅವರ ಸೆರಗಿನ ತುದಿ ತುಟಿಯ ಹತ್ತಿರ ಇತ್ತು. ಮೊದಲ ದಿನವೂ ಹಾಗೇ ಇತ್ತು, ನಾನು ಗಮನ ಕೊಟ್ಟಿರಲಿಲ್ಲ. ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ ಮಾತು ತೆಗೆದರು. ಶಾಲೆಯಲ್ಲಿ ಹಲ್ಲಿನ ಮೇಲೆ ಇಟ್ಟ ಅಡ್ಡಹೆಸರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಲೇ "ಹುಡುಗಿ ಲಕ್ಷಣವಾಗಿದ್ದಾಳೆ, ಹಲ್ಲೊಂದು..." ಎಂದು ನಿಲ್ಲಿಸಿದ್ದು. "ನನಗೆ ಹೊತ್ತಿಗೆ ಸರಿಯಾಗಿ ನೋಡೋರು ಯಾರೂ ಇರಲಿಲ್ಲ ಮೇಡಂ. ಇವಳಿಗೆ ನಾನಿದೀನಲ್ಲ" ಎಂದು ಅತ್ತರು.

ಅಲ್ಲಿಗೆ ನನಗೆ ಟಾರ್ಚ್ ಅರ್ಥವಾಯಿತು. ನಿಲ್ಲಿಸಿ ಎಂದರೆ, ಮಗುವನ್ನು ಕಾಯಬೇಡಿ ಎಂದಂತೆ ಅವರಿಗೆ ಕೇಳಿಸುತ್ತಿತ್ತು. ಹಾಗಾಗಿ ಕಾಯುವ ಕೆಲಸವನ್ನೇ ಬೇರೆ ಕಡೆ ಕೊಟ್ಟೆ. ವೈದ್ಯರು ಹೇಳಿದ್ದರಲ್ಲೇ ಮಾಡಲು ಬೇಕಾದಷ್ಟಿತ್ತು. ದಿನಕ್ಕೆರಡು ಸಲ ನೀವೇ ಹಲ್ಲುಜ್ಜಿ, ಏಳೆಂಟು ವರ್ಷದವರೆಗೂ. ಮೂರು ವರ್ಷದೊಳಗೆ ಫ್ಲೋರೈಡ್ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು ಸಾಕು. ಒತ್ತಿಕೊಂಡ ಹಲ್ಲುಗಳ ನಡುವೆ ಬ್ರಷ್ ಹೋಗಲ್ಲ, ಅಲ್ಲಿಗೆ ಹಲ್ಲಿನ ಸಂದು ಸ್ವಚ್ಛ ಮಾಡುವ ದಾರ (ಫ್ಲಾಸ್) ಬೇಕು. ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ನಿಲ್ಲಬೇಕು. ಮಗು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಾ, ಗೊರಕೆ ಹೊಡೆಯುತ್ತಾ ಎಂದು ಗಮನಿಸಿ, ಹೌದಾದರೆ ವೈದ್ಯರಿಗೆ ಹೇಳಿ. ಬಿದ್ದು ಏಟಾಗಿ ಹಲ್ಲು ಜರುಗಿದರೆ ಮಾತ್ರ ಅವತ್ತೇ ಓಡಬೇಕು.

ನನ್ನ ಕಡೆಯಿಂದ ಹೇಳಿದ್ದು ಎರಡೇ. ಮಗುವಿನ ಎದುರು ಹಲ್ಲಿನ ಆಕಾರದ ಮಾತು ಬೇಡ. ಯಾರಾದರೂ ತೆಗೆದರೆ, "ಡಾಕ್ಟ್ರಿಗೆ ತೋರಿಸಿದೀವಿ, ಅವರು ನೋಡ್ತಿದಾರೆ" ಎಂದು ಹೇಳಿ ಮಾತು ಬದಲಿಸಿ.

ಅತ್ತೆಗೆ ಬುದ್ಧಿ ಹೇಳುವುದು ಬಿಟ್ಟು ಸೊಸೆಯ ಮೇಲೇ ಭಾರ ಹಾಕಿದಿರಿ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅತ್ತೆಯ ಮಾತು ತಪ್ಪು, ಒಪ್ಪುತ್ತೇನೆ. ಹಲ್ಲಿನ ಗಾತ್ರ, ದವಡೆಯ ಅಳತೆ ಎರಡೂ ಕಡೆಯಿಂದ ಬರಬಹುದು. ಆದರೆ ಅತ್ತೆ ನನ್ನ ಹತ್ತಿರ ಬಂದಿರಲಿಲ್ಲ. ಬಂದವರು ಅಮ್ಮ. ಆ ಮಗು ದಿನವಿಡೀ ಕೇಳುವುದೂ ಅಮ್ಮನ ದನಿಯನ್ನೇ. ಹಲ್ಲಿಗೆ ಏಳು ವರ್ಷದವರೆಗೆ ಸಮಯವಿದೆ. ಬಾಯಿಗೆ ಅಡ್ಡ ಬಂದ ಕೈಗೆ ಅಷ್ಟು ಸಮಯವಿಲ್ಲ ಎಂದು ನಾನು ನಂಬಿದ್ದೇನೆ. ಇವತ್ತಿಗೂ ಅದೇ ಸಲಹೆ ಕೊಡುತ್ತೇನೆ.

ನಾಲ್ಕನೇ ಭೇಟಿಯಲ್ಲಿ ಅವರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಗೌರಿ ಹಬ್ಬದ ದಿನದ್ದು. ಪುಟ್ಟಿ ಬಾಯಿ ತುಂಬಾ ನಗುತ್ತಿದ್ದಾಳೆ, ಆ ಎರಡು ಹಲ್ಲೂ ಚೆನ್ನಾಗಿ ಕಾಣುತ್ತಿವೆ. ಪಕ್ಕದಲ್ಲಿ ಅಮ್ಮ, ತುಟಿ ಬಿಗಿದುಕೊಂಡು.

"ನನ್ನಿಂದ ಇನ್ನೂ ಆಗ್ತಿಲ್ಲ ಮೇಡಂ" ಎಂದರು.

ಮುಂದಿನ ವಾರ ಮಗುವನ್ನು ಬಿಟ್ಟು ಒಬ್ಬರೇ ಬನ್ನಿ ಎಂದೆ.